ಕ್ಲಿಕ್ಕಿಸಿದವನದೇ ಫೋಟೋ?

ಮದುವೆಯ ಫೋಟೋ ತೆಗೆದವನಿಗೆ ಅದನ್ನು ಇನ್‌ಸ್ಟಾಗ್ರಾಮ್‌ಗೆ ಹಾಕುವ ಹಕ್ಕು ತಾನಾಗಿಯೇ ಬರುತ್ತದೆ ಎಂಬ ನಂಬಿಕೆ ಮಂಗಳೂರಿನಲ್ಲಿ ಬಲವಾಗಿದೆ. ಮದುಮಕ್ಕಳನ್ನು ಟ್ಯಾಗ್ ಮಾಡಿಬಿಟ್ಟರೆ ಸೌಜನ್ಯವೂ ಮುಗಿಯಿತು. ಗಿರಾಕಿಗಳೂ ಇದನ್ನು ಪ್ರಶ್ನಿಸುವುದು ಕಡಿಮೆ. ಆದರೆ ಈ ನಂಬಿಕೆಗೆ ಕಾನೂನಿನ ಬೆಂಬಲವಿಲ್ಲ.

1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮು ಸ್ಪಷ್ಟವಾಗಿದೆ: ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕುದಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವನೇ. ಛಾಯಾಗ್ರಾಹಕ ಕೃತಿಕಾರ ಹೌದು; ಕೆಲಸ ತನ್ನದೆಂದು ಹೇಳಿಕೊಳ್ಳುವ, ಅದನ್ನು ವಿರೂಪಗೊಳಿಸಿ ತನ್ನ ಹೆಸರು ಕೆಡಿಸದಂತೆ ತಡೆಯುವ ಅಧಿಕಾರವನ್ನು 57ನೇ ಕಲಮು ಅವನಿಗೆ ಕೊಟ್ಟಿದೆ. ಪ್ರಕಟಿಸುವ ಹಕ್ಕು ಮಾತ್ರ ಬೇರೆಯೇ. ಅಮೆರಿಕದಲ್ಲಿ ಅದು ಸಾಮಾನ್ಯವಾಗಿ ಛಾಯಾಗ್ರಾಹಕನಲ್ಲೇ ಉಳಿಯುತ್ತದೆ. ಯೂಟ್ಯೂಬ್ ನೋಡಿ ವೃತ್ತಿ ಕಲಿತವರು ಅಲ್ಲಿನ ನಿಯಮವನ್ನೇ ಇಲ್ಲಿಗೂ ತಂದುಕೊಂಡಿರಬೇಕು.

ಕೆಲಸ ಕಾಣಿಸದಿದ್ದರೆ ಆರ್ಡರ್ ಬರುವುದು ಹೇಗೆ ಎಂಬ ಪ್ರಶ್ನೆ ಸುಳ್ಳಲ್ಲ. ಹಿಂದೆ ಸ್ಟುಡಿಯೋಗಳ ಗಾಜಿನ ಶೋಕೇಸಿನಲ್ಲೂ ಗಿರಾಕಿಗಳ ಚಿತ್ರಗಳಿದ್ದವಲ್ಲ ಎಂದೂ ಕೇಳುತ್ತಾರೆ. ಇದ್ದವು. ಆದರೆ ಆ ಚಿತ್ರವನ್ನು ನೋಡಿದ್ದು ಆ ರಸ್ತೆಯಲ್ಲಿ ಹೋಗುವವರು. ಮನೆಯವರು ಬಂದು ಬೇಡವೆಂದರೆ ಅದೇ ದಿನ ಇಳಿಯುತ್ತಿತ್ತು. ರೀಲ್ ಅಳಿಸಬಹುದು, ಅಷ್ಟರೊಳಗೆ ಸ್ಕ್ರೀನ್‌ಶಾಟ್ ಎಷ್ಟು ವಾಟ್ಸಾಪ್ ಗುಂಪುಗಳಿಗೆ ಹೋಯಿತೆಂದು ಹೇಳುವವರಾರು?

ಮಂಗಳೂರಿನಲ್ಲಿ ಇದಕ್ಕೆ ಇನ್ನಷ್ಟು ತೂಕವಿದೆ. ಇಲ್ಲಿನ ಮದುವೆ ಹಾಲ್‌ನಲ್ಲಷ್ಟೇ ನಡೆಯುವುದಿಲ್ಲ. ಕ್ರೈಸ್ತರ ರೋಸ್‌ನಲ್ಲಿ ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚುವುದು ಬಂಧುಬಳಗದ ನಡುವೆ. ಮದರಂಗಿ ರಾತ್ರಿ ಹೆಣ್ಣುಮಕ್ಕಳು ಕುಣಿಯುವುದು ತಮ್ಮವರ ಮುಂದೆ. ಛಾಯಾಗ್ರಾಹಕನನ್ನು ಒಳಗೆ ಬಿಟ್ಟರೆಂದರೆ ಊರನ್ನೇ ಒಳಗೆ ಕರೆದಂತಾಗಲಿಲ್ಲ. ಹೊರಗಿನ ಕಣ್ಣುಗಳ ಅಪಾಯವೂ ಇದೆ: 2012ರ ಜುಲೈನಲ್ಲಿ ಇಲ್ಲಿನ ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ಯುವಕ ಯುವತಿಯರ ಮೇಲೆ ದಾಳಿಯಾಯಿತು. ಅದರ ದೃಶ್ಯಗಳು ಟಿವಿಯಲ್ಲಿ ಬಂದವು. ಯಾರು ಯಾರ ಜೊತೆ ನಿಂತರು ಎಂದು ಹುಡುಕುವ ಕಣ್ಣುಗಳಿರುವ ಊರಿನಲ್ಲಿ ಗೆಳೆಯ ಗೆಳತಿಯರ ಒಂದು ಕ್ಯಾಂಡಿಡ್ ಚಿತ್ರ ಬರೀ ಜಾಹೀರಾತಾಗಿ ಉಳಿಯುತ್ತದೆಂಬ ಭರವಸೆಯಿಲ್ಲ.

ಮದುಮಕ್ಕಳು ಒಪ್ಪಿದರೂ ಪ್ರಶ್ನೆ ಪೂರ್ತಿ ಬಗೆಹರಿಯುವುದಿಲ್ಲ. ಅವರು ತಮ್ಮ ಮುಖಕ್ಕೆ ಒಪ್ಪಬಲ್ಲರು. ಊಟದ ಪಂಕ್ತಿಯಲ್ಲಿ ಕುಳಿತ ಅತಿಥಿಯ ಪರವಾಗಿ, ಪಕ್ಕದ ಮನೆಯ ಮಗುವಿನ ಪರವಾಗಿ ಒಪ್ಪಲಾರರು. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಆ ಪ್ರಕರಣದಲ್ಲಿ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಕೇಳಿದರೆ ಗಿರಾಕಿ ಬೇಡವೆನ್ನುತ್ತಾರೆ ಎಂಬ ಹೆದರಿಕೆಯೇ ಕೇಳದಿರಲು ನಿಜವಾದ ಕಾರಣ. ಬೇಡವೆನ್ನುವವರಿದ್ದಾರೆ ಎಂದು ಗೊತ್ತಿದ್ದೂ ಕೇಳದಿರುವುದಕ್ಕೆ ವ್ಯಾಪಾರದ ಜಾಣತನ ಎನ್ನಲಾಗದು. ಗಿರಾಕಿಯ ಮುಖದಿಂದ ಪ್ರಚಾರ ಸಿಗುವುದಾದರೆ ಅದಕ್ಕೊಂದು ಬೆಲೆಯಿದೆ. ಒಪ್ಪಿದವರಿಗೆ ದರದಲ್ಲಿ ರಿಯಾಯಿತಿಯನ್ನೋ ಆಲ್ಬಮ್‌ನಲ್ಲಿ ನಾಲ್ಕು ಹಾಳೆ ಹೆಚ್ಚನ್ನೋ ಕೊಡಲಿ.

ಮಾಡಬೇಕಾದ್ದು ದೊಡ್ಡದೇನಲ್ಲ. ಅಡ್ವಾನ್ಸ್ ಪಡೆಯುವಾಗಲೇ ಬುಕಿಂಗ್ ಫಾರಂನಲ್ಲಿ ಕೇಳಬೇಕು: ಹಾಕಬಹುದೇ, ಯಾವ ಕಾರ್ಯಕ್ರಮದ್ದು, ಮಕ್ಕಳ ಮುಖ ಇರಬಹುದೇ? ಗಿರಾಕಿ ಆಯ್ದು ಕೊಟ್ಟ ಮೇಲೆಯೇ ಹಾಕಬೇಕು. ತೆಗೆಯಿರಿ ಎಂದರೆ ಕಾರಣ ಕೇಳದೆ ತೆಗೆಯಬೇಕು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಷನ್ ಕನ್ನಡದಲ್ಲಿ ಇಂಥದ್ದೊಂದು ಮಾದರಿ ಫಾರಂ ಹೊರತಂದರೆ ಸದಸ್ಯರಿಗೇ ರಕ್ಷಣೆ. ಅಲ್ಲಿಯವರೆಗೆ ಮದುವೆ ಮನೆಯವರು ಸುಮ್ಮನಿರಬೇಕಾಗಿಲ್ಲ. ದರ ಕೇಳುವಾಗಲೇ ಫೋಟೋ ಎಲ್ಲೆಲ್ಲಿಗೆ ಹೋಗುತ್ತದೆಂದೂ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.