ಅಂಗೈ ಮೇಲಿನ ಬೆಳಕು

ಕಳೆದ ಅಕ್ಟೋಬರ್ ತಿಂಗಳಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ನೆಲೆಸಿರುವ ಸೋದರಳಿಯನ ಮನೆಯಲ್ಲಿ ನಾನು ಅತಿಥಿಯಾಗಿದ್ದಾಗ, ಹೊಸದಾಗಿ ಕ್ಯಾಮೆರಾ ಕೊಂಡು ಅದರ ಕೈಪಿಡಿಯನ್ನು ದಿನವೂ ಪಾರಾಯಣ ಮಾಡುತ್ತಿದ್ದ ಆತನು, ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ ಮಗಳ ‘ಸೀನಿಯರ್ ಪೋರ್ಟ್ರೇಟ್’ ಅನ್ನು ತಾನೇ ತೆಗೆಯುವುದಾಗಿ ಸಂಕಲ್ಪಿಸಿ, “ಮಾವ, ನೀವು ಪಕ್ಕದಲ್ಲಿ ನಿಂತರೆ ಸಾಕು” ಎಂದನು. ಪಕ್ಕದಲ್ಲಿ ನಿಂತು ಸುಮ್ಮನಿರುವುದು ನನ್ನಿಂದ ಎಷ್ಟರಮಟ್ಟಿಗೆ ಸಾಧ್ಯವೆಂಬುದನ್ನು ಈ ಅಂಕಣದ ಓದುಗರು ಬಲ್ಲರು.

ಶಾಲೆಯನ್ನು ಬಿಡುವ ಮುನ್ನ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂಟಿಯಾಗಿ ನಿಂತು ತೆಗೆಸಿಕೊಳ್ಳುವ ಈ ಭಾವಚಿತ್ರವು ಆ ದೇಶದಲ್ಲಿ ಒಂದು ಸಂಸ್ಕಾರವೇ ಆಗಿಬಿಟ್ಟಿದೆ. 1860ರ ದಶಕದಲ್ಲಿ ಜಾರ್ಜ್ ವಾರೆನ್ ಎಂಬ ಛಾಯಾಗ್ರಾಹಕನು ಹಾರ್ವರ್ಡ್ ಮೊದಲಾದ ಕಾಲೇಜುಗಳ ಪದವೀಧರರ ಚಿತ್ರಗಳನ್ನು ತೆಗೆದು, ಅವರು ಅವನ್ನು ಆಲ್ಬಮ್ಮಾಗಿ ಕಟ್ಟಿಸಿಕೊಳ್ಳುವ ರೂಢಿಯನ್ನು ಬೆಳೆಸಿದನು. ನಮ್ಮಲ್ಲಾದರೋ ಎಸ್ಸೆಸ್ಸೆಲ್ಸಿಯ ಗ್ರೂಪ್ ಫೋಟೋ ಒಂದೇ: ಮೇಷ್ಟರು ಕುರ್ಚಿಗಳಲ್ಲಿ, ಗಿಡ್ಡರು ನೆಲದ ಮೇಲೆ, ಎತ್ತರದವರು ಬೆಂಚಿನ ಮೇಲೆ, ಕೈಗಳನ್ನು ಏನು ಮಾಡಬೇಕೆಂಬ ಚಿಂತೆ ಯಾರಿಗೂ ಇಲ್ಲ, ಏಕೆಂದರೆ ಮುಂದಿನವನ ಹೆಗಲು ಅವನ್ನು ಮರೆಮಾಡುತ್ತದೆ. ಒಂಟಿಯಾಗಿ ನಿಂತ ಹದಿನೇಳು ವರ್ಷದ ಹುಡುಗಿಗೆ ಆ ಸೌಕರ್ಯವಿಲ್ಲ.

ಸೋದರಳಿಯನು ನಮ್ಮನ್ನು ಕರೆದೊಯ್ದದ್ದು ಊರ ಹೊರಗಿನ ಒಂದು ಸೇಬಿನ ತೋಟಕ್ಕೆ. ಅದರ ಅಂಚಿನಲ್ಲಿ ಮೇಪಲ್ ಮರವೊಂದು ಮೈಯೆಲ್ಲ ಹೊತ್ತಿಕೊಂಡಂತೆ ಕೆಂಪಾಗಿ ನಿಂತಿತ್ತು. ಹೊಸಬನು ಸದಾ ಮೊದಲು ಹುಡುಕುವುದು ಸ್ಥಳವನ್ನು. ಆದಕಾರಣ ಆತನು ಮಗಳನ್ನು ಆ ಮರದ ಕೆಳಗೆ ನಿಲ್ಲಿಸಿ, ಕ್ಯಾಮೆರಾ ಹೇಳಿದ ಲೆಕ್ಕವನ್ನೇ ನಂಬಿ ಹತ್ತಾರು ಚಿತ್ರಗಳನ್ನು ತೆಗೆದನು. ತೆಗೆದುದನ್ನು ನೋಡಿದರೆ ಮರ ಅದ್ಭುತವಾಗಿತ್ತು, ಮಗಳು ಕಾಣೆಯಾಗಿದ್ದಳು. ಕ್ಯಾಮೆರಾದ ಮಾಪಕವು ತನ್ನೆದುರಿನ ದೃಶ್ಯವನ್ನೆಲ್ಲ ಒಂದು ಮಧ್ಯಮ ಬೂದಿಬಣ್ಣಕ್ಕೆ ಸರಿದೂಗಿಸಲೆಳಸುವ ಯಂತ್ರವಾದ್ದರಿಂದ, ಬೆನ್ನ ಹಿಂದೆ ಪ್ರಜ್ವಲಿಸುವ ಎಲೆಗಳನ್ನು ಕಂಡು ಬೆಳಕನ್ನು ತಗ್ಗಿಸಿ, ನಮ್ಮ ಹುಡುಗಿಯ ಗೋಧಿಬಣ್ಣದ ಮುಖವನ್ನು ಮಸಿಯಲ್ಲಿ ಅದ್ದಿತ್ತು. ಸಾಲದೆಂಬಂತೆ, ಎಲೆಗಳ ಸಂದುಗಳಲ್ಲಿ ತೂರಿಬಂದ ಬಿಸಿಲು ಕೆನ್ನೆಯ ಮೇಲೆಲ್ಲ ದುಂಡು ದುಂಡಾದ ಚುಕ್ಕೆಗಳನ್ನಿಟ್ಟಿತ್ತು. ಹೊಂಗೆಯ ನೆರಳಿನಲ್ಲಿ ನೆಲದ ಮೇಲೆ ಕಾಣುವ ಅಂಥ ಒಂದೊಂದು ಚುಕ್ಕೆಯೂ ಸೂರ್ಯನ ಪ್ರತಿಬಿಂಬವೆಂಬುದು ಭೌತಶಾಸ್ತ್ರಕ್ಕೆ ಸಂತೋಷದ ಸಂಗತಿ. ಆದರೆ ಮಗುವಿನ ಮೂಗಿನ ಮೇಲೆ ಸೂರ್ಯಬಿಂಬವಿರುವುದನ್ನು ಯಾವ ತಾಯಿಯೂ ಒಪ್ಪಲಾರಳು.

ಇಲ್ಲಿ ಒಂದು ಮಾತನ್ನು ಆ ನಾಡಿನ ಸೂರ್ಯನ ಪರವಾಗಿ ಹೇಳಬೇಕು. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ನಡುಹಗಲಿನ ಸೂರ್ಯನು ನೆತ್ತಿಯ ಮೇಲೆ ನೇರವಾಗಿ ನಿಲ್ಲುವುದರಿಂದ, ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಮನುಷ್ಯನ ಮುಖಕ್ಕೆ ಮಾತ್ರ ಹುಬ್ಬಿನ ಕೆಳಗೆ ಎರಡು ಗುಳಿಗಳೂ ಮೂಗಿನ ಕೆಳಗೆ ಒಂದು ಮೀಸೆಯೂ ಬರುತ್ತವೆ. ಅಕ್ಟೋಬರ್ ನಡುವಿನಲ್ಲಿ ಕೂಡ ನಮ್ಮ ಮಧ್ಯಾಹ್ನದ ಸೂರ್ಯನು ದಿಗಂತದಿಂದ ಸುಮಾರು 70 ಡಿಗ್ರಿ ಮೇಲಿರುತ್ತಾನೆ. ಬಾಸ್ಟನ್ನಿನಲ್ಲಿ ಅದೇ ದಿನ ಅವನು 40 ಡಿಗ್ರಿಯನ್ನು ದಾಟುವುದು ಕಷ್ಟ. ಸಂಜೆಯ ಹೊತ್ತು ನಮ್ಮಲ್ಲಿ ಹೆಚ್ಚುಕಡಮೆ ನೆಟ್ಟಗೆ ಇಳಿದುಹೋಗುವವನು, ಅಲ್ಲಿ ಓರೆಯಾಗಿ, ಮನಸ್ಸಿಲ್ಲದ ಮನಸ್ಸಿನಿಂದ ಜಾರುತ್ತಾನೆ. ಆ ಹೊಂಬಿಸಿಲು ಅಲ್ಲಿ ನಿಲ್ಲುವ ಹೊತ್ತೂ ಅಷ್ಟರಮಟ್ಟಿಗೆ ದೀರ್ಘ. ಮೈಸೂರಿನಲ್ಲಿ ಚಿತ್ರ ತೆಗೆಯುವುದನ್ನು ಕಲಿತವನು ಅಲ್ಲಿಗೆ ಹೋದರೆ ಸಂಜೆಯೆಲ್ಲ ಅನಗತ್ಯವಾಗಿ ಆತುರಪಡುತ್ತಾನೆ. ನನ್ನದೂ ಅದೇ ಗತಿಯಾಯಿತು.

ಕೊನೆಗೆ ಸೋದರಳಿಯನನ್ನು ಕರೆದು, ಕ್ಯಾಮೆರಾವನ್ನು ಕೊರಳಿಗೆ ಬಿಟ್ಟು ಬಲಗೈಯನ್ನು ಮುಂದೆ ಚಾಚಿ, ಅಂಗೈಯನ್ನು ಮುಖದ ಮಟ್ಟಕ್ಕೆ ಎತ್ತಿ ತನ್ನ ಕಡೆಗೆ ತಿರುಗಿಸಿಕೊಂಡು, ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ಸುತ್ತುವಂತೆ ಹೇಳಿದೆನು. ಹಸ್ತರೇಖೆಗಳು ಎಲ್ಲಿ ಕತ್ತರಿಸಿದಂತೆ ಕಠೋರವಾಗಿ ಕಾಣುತ್ತವೆ, ಎಲ್ಲಿ ಮೆತ್ತಗಾಗುತ್ತವೆ, ಎಲ್ಲಿ ಹುಲ್ಲಿನ ಹಸಿರು ಚರ್ಮಕ್ಕೆ ಹತ್ತುತ್ತದೆ ಎಂಬುದನ್ನು ಅಂಗೈಯೇ ಹೇಳಿಬಿಡುತ್ತದೆ. ಹೀಗೆ ಸುತ್ತುತ್ತ ಸುತ್ತುತ್ತ ಆತನು ತಲುಪಿದ ಜಾಗವು ಮೇಪಲ್ ಮರದ ಸನ್ನಿಧಿಯಲ್ಲ. ತೋಟದವರು ಬುಟ್ಟಿಗಳನ್ನು ತುಂಬಿಟ್ಟಿದ್ದ ಮರದ ಕೊಟ್ಟಿಗೆಯ, ಉತ್ತರಕ್ಕೆ ತೆರೆದ ಬಾಗಿಲು. ಮೇಲೆ ಮುಚ್ಚಿಗೆ, ಎದುರಿಗೆ ಬಯಲು: ನೆತ್ತಿಯ ಬೆಳಕನ್ನು ಸೂರು ತಡೆಯುವುದರಿಂದ ಕಣ್ಣಗುಳಿಗಳಲ್ಲಿ ಕತ್ತಲೆ ನಿಲ್ಲುವುದಿಲ್ಲ, ಎದುರಿನ ಆಕಾಶವಷ್ಟೂ ಒಂದು ವಿಶಾಲವಾದ ದೀಪವಾಗಿ ಎರಡು ಕಣ್ಣುಗಳಲ್ಲಿಯೂ ಒಂದೊಂದು ಹೊಳಪಿನ ಬಿಂದುವನ್ನಿಡುತ್ತದೆ. ನಮ್ಮ ಮಲೆನಾಡಿನ ಮನೆಯ ಜಗಲಿಯಲ್ಲಿ ಕುಳಿತ ಮುದುಕರೆಲ್ಲರೂ ಚಿತ್ರಕ್ಕೆ ಯೋಗ್ಯರಾಗಿ ಕಾಣುವುದರ ರಹಸ್ಯವೂ ಇದೇ.

ಆ ಬಾಗಿಲಲ್ಲಿ ಹುಡುಗಿ ಓರೆಯಾಗಿ ನಿಂತಾಗ ಒಂದು ಕೆನ್ನೆ ತುಸು ಕಪ್ಪಾಯಿತು. ರಿಫ್ಲೆಕ್ಟರ್ ಇರಲಿಲ್ಲ; ಕಾರಿನಲ್ಲಿ ನನ್ನ ಬಿಳಿಯ ಪಂಚೆಯಿತ್ತು. ಅದನ್ನು ಹುಡುಗಿಯ ತಾಯಿ ಮೂರಡಿ ದೂರದಲ್ಲಿ ಹಿಡಿದು ನಿಂತೊಡನೆ ಆ ಕೆನ್ನೆಗೆ ಜೀವ ಬಂದಿತು. ಪಂಚೆಯೆಂದು ಹಾಸ್ಯ ಮಾಡುವವರು, ಮೈಸೂರಿನವರೇ ಆದ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕಾಗಿ ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಸ್ಟುಡಿಯೋದೊಳಗೆ ತಿರುಗಿಸಿ, ಆ ಪ್ರಸಿದ್ಧವಾದ ಬೆಳಕಿನ ಕಂಬವನ್ನು ನಿಲ್ಲಿಸಿದ್ದನ್ನು ನೆನೆಯಬಹುದು.

ಬೆಳಕು ಒದಗಿತು, ಹುಡುಗಿ ಮಾತ್ರ ಗರುಡಗಂಬದಂತೆ ನಿಂತಿದ್ದಳು. “ನಗು, ಗದ್ದ ಎತ್ತು, ಕೈ ಸಡಿಲ ಬಿಡು” ಎಂದು ತಂದೆ ಹೇಳಿದಷ್ಟೂ ಆಕೆ ಬಿಗಿಯಾದಳು. ಭಂಗಿಯ ವಿಷಯದಲ್ಲಿ ನನಗೆ ಗುರುಗಳು ಬೇಲೂರಿನ ಶಿಲ್ಪಿಗಳು. 1117ರಲ್ಲಿ ಪ್ರತಿಷ್ಠಿತವಾದ ಚೆನ್ನಕೇಶವನ ಗುಡಿಯ ಮದನಿಕೆಯರನ್ನು ತಲೆಯೆತ್ತಿ ನೋಡಿದವರು, ಅವರು ಎರಡು ಕಾಲಿನ ಮೇಲೂ ಸಮಭಾರ ಹಾಕಿ ಸೈನಿಕರಂತೆ ನಿಲ್ಲುವವರಲ್ಲವೆಂಬುದನ್ನು ಗಮನಿಸಿರಬೇಕು: ಭಾರ ಒಂದು ಕಾಲಿಗೆ ಬಿದ್ದೊಡನೆ ಸೊಂಟ ಒಂದು ಕಡೆಗೆ, ಹೆಗಲು ಇನ್ನೊಂದು ಕಡೆಗೆ, ಶಿರಸ್ಸು ಮತ್ತೊಂದು ಕಡೆಗೆ ತಾನಾಗಿಯೇ ಬಾಗುತ್ತದೆ. ಅದಕ್ಕಿಂತಲೂ ಮುಖ್ಯವಾದುದು, ಶಿಲ್ಪಿಯು ಅವರ ಕೈಗಳನ್ನು ಖಾಲಿ ಬಿಡಲಿಲ್ಲ. ಒಬ್ಬಳಿಗೆ ದರ್ಪಣ, ಒಬ್ಬಳಿಗೆ ಗಿಳಿ, ಒಬ್ಬಳಿಗೆ ಬಿಲ್ಲು. ಕೈಗೆ ಕೆಲಸವಿದ್ದಲ್ಲಿ ಮನಸ್ಸು ಕೆಲಸದಲ್ಲಿರುತ್ತದೆ, ಮುಖ ತನ್ನ ಪಾಡಿಗೆ ತಾನಿರುತ್ತದೆ.

“ತಾತ, ನಾನೇನು ಮಾಡಲಿ?” ಎಂದಳು. ಹಿಂದಿನ ಕಾಲಿನ ಮೇಲೆ ಭಾರ ಬಿಟ್ಟು, ಬಾಗಿಲ ಚೌಕಟ್ಟಿಗೆ ಹೆಗಲನ್ನು ಆನಿಸಿ, ಬುಟ್ಟಿಯಿಂದ ಒಂದು ಸೇಬನ್ನು ಆರಿಸಿ ತೋಳಿಗೆ ಉಜ್ಜುವಂತೆ ಹೇಳಿದೆನು. ಸೋದರಳಿಯನಿಗೆ ಹೇಳಿದ್ದೂ ಅಲ್ಪವೇ: 85 ಮಿಲಿಮೀಟರಿನ ಮಸೂರ ಹಾಕಿಕೊಂಡು ಹತ್ತಡಿ ಹಿಂದೆ ಸರಿ, ಏಕೆಂದರೆ ಹತ್ತಿರ ಹೋದಷ್ಟೂ ಮೂಗು ದೊಡ್ಡದಾಗುತ್ತದೆ, ಹತ್ತಿರದ ಕಣ್ಣಿಗೆ ಫೋಕಸ್ ಮಾಡು, ಚೌಕಟ್ಟಿನ ಅಂಚು ಮೊಣಕಾಲನ್ನಾಗಲಿ ಮಣಿಕಟ್ಟನ್ನಾಗಲಿ ಕತ್ತರಿಸದಿರಲಿ. ಹಣ್ಣನ್ನು ಉಜ್ಜುತ್ತಿದ್ದವಳು, ತಾಯಿಯ ಕೈಯಲ್ಲಿ ಗಾಳಿಗೆ ಹಾರಾಡುತ್ತಿದ್ದ ಪಂಚೆಯನ್ನು ಕಂಡು ತಲೆಯೆತ್ತಿ ನಕ್ಕ ಒಂದು ಕ್ಷಣವು ಕ್ಯಾಮೆರಾಕ್ಕೆ ಸಿಕ್ಕಿತು. ಮನೆಯವರು ಆರಿಸಿದ್ದು ಅದನ್ನು. ನನಗೆ ಹಿಡಿಸಿದ್ದು ಅದಕ್ಕೆ ಹಿಂದಿನ, ಆಕೆ ಇನ್ನೂ ಸೇಬನ್ನೇ ನೋಡುತ್ತಿದ್ದ ಚಿತ್ರ. ಅದನ್ನು ಮೈಸೂರಿಗೆ ತಂದು ಕಟ್ಟು ಹಾಕಿಸಿದ್ದೇನೆ.

ಮರುದಿನ ಬೆಳಗ್ಗೆ ನಾನು ಕಾಫಿ ಹಿಡಿದು ಕಿಟಕಿಯ ಬಳಿ ನಿಂತಿದ್ದಾಗ, ಸೋದರಳಿಯನು ಮನೆಯ ಮುಂದೆ ಕೈಚಾಚಿ, ಅಂಗೈಯನ್ನೇ ದಿಟ್ಟಿಸುತ್ತ ಮೆಲ್ಲಗೆ ಸುತ್ತುತ್ತಿದ್ದನು. ಪಕ್ಕದ ಮನೆಯ ಅಮೆರಿಕನ್ ಮಹಾಶಯನು ನಾಯಿಯೊಡನೆ ಹೊರಟವನು ಅದನ್ನು ನೋಡಿ, ಒಂದು ಗಳಿಗೆ ನಿಂತು, ನಿರ್ಮಲವಾದ ಆಕಾಶವನ್ನೊಮ್ಮೆ ಪರೀಕ್ಷಿಸಿ, ಒಳಗೆ ಹೋಗಿ ಕೊಡೆಯನ್ನು ತಂದನು.