ಕಾರು ಬಿಟ್ಟವರ ಪುಣ್ಯದ ಲೆಕ್ಕ

ಕಾರು ಬಿಟ್ಟು ಬಸ್ಸು ಹತ್ತಿ ಅಂತ ಹೇಳುವ ಬರಹಗಳಿಗೆ ಒಂದು ಸಿದ್ಧ ಅಚ್ಚಿದೆ. ಮೊದಲು ಪೆಟ್ರೋಲ್ ಉಳಿತಾಯ, ಆಮೇಲೆ ಆರೋಗ್ಯ, ಕೊನೆಗೆ ಭೂಮಿತಾಯಿ. ಪತ್ರಿಕೆಯ ಪುರವಣಿ ಇರಲಿ, ಆಫೀಸಿನ ನೋಟಿಸ್ ಬೋರ್ಡ್ ಇರಲಿ, ವಾಟ್ಸಾಪಿನ ಫಾರ್ವರ್ಡ್ ಇರಲಿ, ಈ ಕ್ರಮ ಕೂಡ ಬದಲಾಗಲ್ಲ. ಬರೆದದ್ದು ಯಾವುದೂ ಸುಳ್ಳಲ್ಲ. ಆದರೆ ಹದಿನೈದು ವರ್ಷದಿಂದ ಬೆಂಗಳೂರಿನಲ್ಲಿ ಕಾರಿಲ್ಲದೆ ಕೆಲಸಕ್ಕೆ ಹೋಗಿಬರುತ್ತಿರುವ ನನಗೆ ಇವನ್ನು ಓದುವಾಗ, ಒಂದೇ ಸಲ ಊಟಕ್ಕೆ ಬಂದ ನೆಂಟರು ನಮ್ಮ ಮನೆಯ ಬಗ್ಗೆ ಬರೆದ ಹಾಗೆ ಅನ್ನಿಸುತ್ತೆ.

ಯಾಕೆಂದರೆ ಇವೆಲ್ಲ ಮಾತಾಡೋದು ಕಾರಿರುವವರ ಹತ್ತಿರ ಮಾತ್ರ. ಮನೆ ಮುಂದೆ ಕಾರು ನಿಂತಿದೆ, ಕೀ ಕೈಯಲ್ಲಿದೆ, ಆದರೂ ನೀವು ದೊಡ್ಡ ಮನಸ್ಸು ಮಾಡಿ ಬಸ್ಸಿಗೆ ಬಂದಿದ್ದೀರಿ, ನಿಮಗೆ ಪುಣ್ಯ ಬರಲಿ ಅನ್ನೋ ಧಾಟಿ. ಬೆಳಿಗ್ಗೆ ಏಳಕ್ಕೇ ಟಿಫನ್ ಬಾಕ್ಸ್ ಹಿಡಿದು ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುವ ಗಾರ್ಮೆಂಟ್ಸ್ ಹುಡುಗಿಗೆ ಇದರಲ್ಲಿ ಜಾಗವೇ ಇಲ್ಲ. ಅವಳು ಏನನ್ನೂ ಬಿಟ್ಟು ಬಂದವಳಲ್ಲ, ಹಾಗಾಗಿ ಅವಳಿಗೆ ಪುಣ್ಯವೂ ಇಲ್ಲ.

2010ರ ಫೆಬ್ರವರಿ 4ರಂದು ಬಿಎಂಟಿಸಿ ‘ಬಸ್ ದಿನ’ ಶುರುಮಾಡಿತು. ಪ್ರತಿ ತಿಂಗಳ 4ನೇ ತಾರೀಖು ಸ್ವಂತ ಗಾಡಿ ಬಿಟ್ಟು ಬಸ್ಸಲ್ಲಿ ಬನ್ನಿ ಅಂತ. ನಕ್ಕವರು ತುಂಬಾ ಜನ. ನನಗೇನೋ ಅದು ನಗುವಷ್ಟು ಕೆಟ್ಟ ಯೋಚನೆ ಅನ್ನಿಸಿರಲಿಲ್ಲ. ಬಸ್ಸೇ ಹತ್ತದವರು ಒಂದು ದಿನ ಹತ್ತಿದರೆ ಮೆಟ್ಟಿಲು ಎಷ್ಟು ಎತ್ತರ ಅನ್ನೋದಾದರೂ ಗೊತ್ತಾಗುತ್ತಲ್ಲ. ತೊಂದರೆ ಇದ್ದದ್ದು ‘ದಿನ’ ಅನ್ನೋ ಪದದಲ್ಲಿ. ಹಬ್ಬಕ್ಕೆ ಬಂದವರು ಹಬ್ಬ ಮುಗಿದ ಮೇಲೆ ಹೋಗುತ್ತಾರೆ. 5ನೇ ತಾರೀಖು ಅದೇ ಬಸ್ಸಲ್ಲಿ ಅದೇ ಹಳೆ ಜನ.

ಈ ಪ್ರೀತಿ ಎಷ್ಟು ಆಳದ್ದು ಅಂತ ತಿಳಿಯೋಕೆ ಇನ್ನೂ ಹದಿಮೂರು ವರ್ಷ ಬೇಕಾಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಬಸ್ಸುಗಳು ತುಂಬಿದವು. ಜನ ಬಸ್ಸು ಹತ್ತಬೇಕು ಅಂತ ವರ್ಷಗಟ್ಟಲೆ ಉಪದೇಶ ಮಾಡಿದ್ದವರಲ್ಲೇ ಕೆಲವರು, ಈಗ ಬಸ್ಸಲ್ಲಿ ಕಾಲಿಡೋಕೂ ಆಗಲ್ಲ, ಬಿಟ್ಟಿ ಸಿಕ್ಕರೆ ಹೀಗೇ ಅಂತ ಗೊಣಗೋಕೆ ಶುರುಮಾಡಿದರು. ಅವರಿಗೆ ಇಷ್ಟವಿದ್ದದ್ದು ಖಾಲಿ ಬಸ್ಸು. ಯೋಜನೆಯ ಖರ್ಚಿನ ಬಗ್ಗೆ, ಬಸ್ಸುಗಳ ಸಂಖ್ಯೆ ಸಾಲದ್ದರ ಬಗ್ಗೆ ಕೇಳಬೇಕಾದ ಪ್ರಶ್ನೆಗಳಿವೆ, ಕೇಳಲಿ. ಆದರೆ ಜನ ಹತ್ತಿದ್ದನ್ನೇ ತಪ್ಪು ಅನ್ನೋರು ಇನ್ನುಮುಂದೆ ಭೂಮಿತಾಯಿಯ ಹೆಸರು ಎತ್ತಬಾರದು.

ಇನ್ನು ಆ ಮೂರು ಲಾಭಗಳ ವಿಷಯ. ಪೆಟ್ರೋಲ್ ದುಡ್ಡು ಉಳಿಯೋದು ನಿಜ. ಆದರೆ ನನ್ನ ಲೆಕ್ಕದ ಪುಸ್ತಕದಲ್ಲಿ ಅದರ ಬಹುಪಾಲು ಬಾಡಿಗೆ ಕಾಲಂಗೆ ಹೋಗಿದೆ. ಮೆಟ್ರೋ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ ಮನೆ ಬೇಕಂದರೆ ಬಾಡಿಗೆ ಅದಕ್ಕೆ ತಕ್ಕ ಹಾಗೇ ಇರುತ್ತೆ. ಪೆಟ್ರೋಲ್ ಬಂಕಿಗೆ ಹೋಗಬೇಕಿದ್ದದ್ದು ಓನರಿಗೆ ಹೋಯಿತು, ಅಷ್ಟೇ. ಅದರ ಮೇಲೆ 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಂದ 90ಕ್ಕೆ ಏರಿತು. ಗಂಡ ಹೆಂಡತಿ ಇಬ್ಬರೂ ಆ ಕೊನೆಯಿಂದ ಈ ಕೊನೆಗೆ ಹೋಗಿಬರುವ ಮನೆಯಲ್ಲಿ ಸ್ಕೂಟರಿನ ಲೆಕ್ಕ ಮತ್ತೆ ಶುರುವಾಗಿದ್ದರೆ ಆಶ್ಚರ್ಯವೇನಿಲ್ಲ.

ಆರೋಗ್ಯ ಅಂದರೆ ನಡಿಗೆ. ನಡೆಯೋದು ಒಳ್ಳೇದೇ, ಎಲ್ಲಿ ನಡೀಬೇಕು ಅನ್ನೋದನ್ನ ಮಾತ್ರ ಆ ಬರಹಗಳು ಹೇಳಲ್ಲ. ಟೆಂಡರ್ ಶ್ಯೂರ್ ಯೋಜನೆಯಲ್ಲಿ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳಿಗೆ ಅಗಲವಾದ ಫುಟ್‌ಪಾತ್ ಬಂದಾಗ, ಬೆಂಗಳೂರಿನಲ್ಲಿ ಹೀಗೂ ನಡೀಬಹುದಾ ಅಂತ ಜನ ಬೆರಗಾದರು. ಅಲ್ಲಿಂದ ಒಂದು ಮೈಲಿ ಆಚೆ ಬಂದರೆ ಮತ್ತೆ ಅದೇ ಟ್ರಾನ್ಸ್‌ಫಾರ್ಮರ್, ಎದ್ದ ಚಪ್ಪಡಿ, ಹಿಂದಿನಿಂದ ಹಾರನ್ ಹೊಡೆಯುತ್ತಾ ಫುಟ್‌ಪಾತ್ ಮೇಲೇ ಬರುವ ಬೈಕು. (ಫುಟ್‌ಪಾತ್ ಮೇಲೆ ನಡೆಯುತ್ತಿದ್ದದ್ದಕ್ಕೆ ಬೈಯಿಸಿಕೊಂಡ ಅನುಭವ ಈ ಊರಲ್ಲಿ ನನ್ನೊಬ್ಬನದೇ ಆಗಿರಲಿಕ್ಕಿಲ್ಲ.) ಭೂಮಿತಾಯಿಯ ಲಾಭದಲ್ಲಿ ನನಗೆ ತಕರಾರಿಲ್ಲ. ಆದರೆ ಎಲ್ಲರೂ ಎಲೆಕ್ಟ್ರಿಕ್ ಕಾರು ತಗೊಂಡರೆ ಹೊಗೆ ಹೋಗುತ್ತೆ, ಸಿಲ್ಕ್ ಬೋರ್ಡಿನ ಜಾಮ್ ಹೋಗಲ್ಲ. ಒಬ್ಬ ಮನುಷ್ಯನಿಗೆ ಐದು ಸೀಟಿನ ಜಾಗ ಬೇಕು ಅನ್ನೋದು ಬ್ಯಾಟರಿ ಹಾಕಿದರೆ ಬದಲಾಗಲ್ಲವಲ್ಲ.

ಹಾಗಾದರೆ ಲಾಭ ಇಲ್ಲವಾ? ಇದೆ, ಬೇಕಾದಷ್ಟಿದೆ. ಅಚ್ಚಿನಲ್ಲಿ ಸಿಗದೇ ಇರೋದು ಅದೇ.

ನಾನು ದಿನಾ ಬನಶಂಕರಿಯಲ್ಲಿ ಹಸಿರು ಮಾರ್ಗದ ರೈಲು ಹತ್ತಿ ಪೀಣ್ಯದಲ್ಲಿ ಇಳಿಯುತ್ತೇನೆ, ಮುಕ್ಕಾಲು ಗಂಟೆಯ ಒಳಗೆ. ಅಷ್ಟು ಹೊತ್ತು ನನ್ನ ಕಣ್ಣು, ಕೈ, ತಲೆ ಮೂರೂ ನನ್ನವೇ. ಕಾರು ಓಡಿಸುವವನಿಗೆ ಈ ಮೂರರಲ್ಲಿ ಒಂದೂ ಉಳಿಯಲ್ಲ. ಮುಂದಿನ ಗಾಡಿಯ ಬ್ರೇಕ್ ಲೈಟು, ಎಡದಿಂದ ನುಗ್ಗುವ ಆಟೋ, ಕ್ಲಚ್ಚು, ಗೇರು. ಎಫ್‌ಎಂ ಕೇಳಬಹುದು, ಅಷ್ಟೇ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ನಾನು ಓದಿ ಮುಗಿಸಿದ್ದು ಈ ರೈಲಲ್ಲೇ. ಆ ದಪ್ಪ ಪುಸ್ತಕವನ್ನ ಒಂದು ಕೈಲಿ ಎತ್ತಿ ಹಿಡಿದು, ಇನ್ನೊಂದು ಕೈಲಿ ಮೇಲಿನ ಹಿಡಿ ಹಿಡಿದು, ಮಣಿಕಟ್ಟು ನೋಯಿಸಿಕೊಂಡು. ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಕಾಡುದಾರಿಯಲ್ಲಿ ನಡೆಯುತ್ತಿರುವಾಗ ಮೇಲೆ ಧ್ವನಿವರ್ಧಕ ಮುಂದಿನ ನಿಲ್ದಾಣ ಮಹಾಕವಿ ಕುವೆಂಪು ರಸ್ತೆ ಅಂದಾಗ ಒಬ್ಬನೇ ನಕ್ಕಿದ್ದೇನೆ. ಓದೋಕೆ ಬೇಜಾರಾದರೆ ಲಾಲ್‌ಬಾಗ್ ಹತ್ತಿರ ಬಲಕ್ಕೆ ತಿರುಗಿ ಮರಗಳ ನೆತ್ತಿ ನೋಡಬಹುದು. ಏನೂ ಮಾಡದೆ ನಿಲ್ಲಲೂಬಹುದು. ಸುತ್ತ ಬಹಳ ಜನ ಫೋನಿನಲ್ಲಿ ರೀಲ್ಸ್ ನೋಡುತ್ತಿರುತ್ತಾರೆ, ನೋಡಲಿ. ಸ್ಟೇರಿಂಗ್ ಹಿಡಿದು ನೋಡುವುದಕ್ಕಿಂತ ಎಷ್ಟೋ ವಾಸಿ.

ಬಸ್ಸಿನದು ಇನ್ನೊಂದು ತರಹದ ಲಾಭ. ತುಂಬಿದ ಬಸ್ಸಿನಲ್ಲಿ ಕಂಡಕ್ಟರ್ ಇರೋ ಕಡೆ ಹೋಗೋಕೆ ಆಗಲ್ಲ. ಆಗ ನಾವು ಏನು ಮಾಡ್ತೀವಿ? ಐವತ್ತರ ನೋಟನ್ನ ಪಕ್ಕದವರ ಕೈಗೆ ಕೊಟ್ಟು ‘ಒಂದು ಕಾರ್ಪೊರೇಷನ್’ ಅಂತೀವಿ. ನೋಟು ನಾಲ್ಕೈದು ಕೈ ದಾಟಿ ಕಣ್ಣಿಗೆ ಕಾಣದ ಕಡೆ ಹೋಗುತ್ತೆ. ಸ್ವಲ್ಪ ಹೊತ್ತಿಗೆ ಟಿಕೆಟ್ಟು, ಅದರಲ್ಲಿ ಸುತ್ತಿದ ಚಿಲ್ಲರೆ, ಅದೇ ದಾರಿಯಲ್ಲಿ ವಾಪಸ್ ಬರುತ್ತೆ. ಇಷ್ಟು ವರ್ಷದಲ್ಲಿ ಹೀಗೆ ಹೋದ ನನ್ನ ದುಡ್ಡು ಒಂದು ಸಲವೂ ನಡುವೆ ಕಳೆದುಹೋಗಿಲ್ಲ. ಆ ಐದು ಜನರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ, ಮುಖ ಕೂಡ ಸರಿಯಾಗಿ ನೋಡಿಲ್ಲ. ಇದೇ ಜನ ಸಿಗ್ನಲ್ಲಿನಲ್ಲಿ ತಂತಮ್ಮ ಗಾಡಿಯಲ್ಲಿ ಕೂತಿದ್ದರೆ ಒಬ್ಬರಿಗೊಬ್ಬರು ದಾರಿ ಬಿಡುತ್ತಿದ್ದರಾ ಅಂತ ನನಗೆ ಅನುಮಾನ. ಈಚೆಗೆ ಫೋನಿನಲ್ಲೇ ದುಡ್ಡು ಕಟ್ಟುವುದು ಬಂದು ಈ ನೋಟಿನ ಪ್ರಯಾಣ ಕಡಿಮೆಯಾಗಿದೆ. ಅನುಕೂಲವೇ, ಬೇಡ ಅನ್ನಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಕಾರಲ್ಲಿ ಹೋಗುವವರೆಲ್ಲ ಸ್ವಾರ್ಥಿಗಳು ಅಂತ ನಾನು ಹೇಳಲ್ಲ. ಮೊಣಕಾಲು ನೋವಿರುವ ಅಮ್ಮನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕಾದವರಿಗೆ, ರಾತ್ರಿ ಹನ್ನೊಂದಕ್ಕೆ ಶಿಫ್ಟ್ ಮುಗಿಸಿ ದೀಪವಿಲ್ಲದ ಸ್ಟಾಪಿನಲ್ಲಿ ಒಬ್ಬಳೇ ಇಳಿಯಬೇಕಾದವಳಿಗೆ ಪುಸ್ತಕ ಓದಬಹುದು ಅಂತ ಹೇಳೋದು ಅಧಿಕಪ್ರಸಂಗ. ಸರ್ಜಾಪುರ ರಸ್ತೆಯ ಒಳಗೆಲ್ಲೋ ಮನೆ ಮಾಡಿರುವವರಿಗೆ ನಾನು ಬನಶಂಕರಿಯಿಂದ ಉಪದೇಶ ಮಾಡೋದೂ ಅಷ್ಟೇ.

ಅವರು ಕೇಳೋದೂ ದೊಡ್ಡದೇನಲ್ಲ. ಗಡಿಯಾರ ನೋಡದೆ ಮನೆಯಿಂದ ಹೊರಡುವ ಹಾಗಿರಬೇಕು. ಕಾರು ಕೊಡುವ ನಿಜವಾದ ಸುಖ ಅದೇ, ಎಸಿಯೂ ಅಲ್ಲ, ಸೀಟೂ ಅಲ್ಲ. ಬಿಎಂಟಿಸಿಯ ಹಳೆ ಅವತಾರ ಬಿಟಿಎಸ್ಸನ್ನು ‘ಬಿಟ್ರೆ ತಿರ್ಗಾ ಸಿಗಲ್ಲ’ ಅಂತ ಬಿಡಿಸಿ ಓದುತ್ತಿದ್ದ ಬೆಂಗಳೂರಿನವರು ಸುಮ್ಮನೆ ತಮಾಷೆ ಮಾಡುತ್ತಿರಲಿಲ್ಲ. ಒಂದು ಬಸ್ಸು ಹೋದರೂ ಇನ್ನೊಂದು ಬರುತ್ತೆ ಅನ್ನೋ ಧೈರ್ಯ ಇಲ್ಲದ ಕಡೆ ಕಾರು ಬಿಡಿ ಅಂತ ಪೋಸ್ಟರ್ ಅಂಟಿಸೋದು ಕಾಗದಕ್ಕೆ ದಂಡ.

2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಎಲೆಕ್ಟ್ರಾನಿಕ್ ಸಿಟಿ ಕಡೆಯಿಂದ ಪೀಣ್ಯಕ್ಕೆ ಕಾರಲ್ಲಿ ಬರುವ ನನ್ನ ಸಹೋದ್ಯೋಗಿಯೊಬ್ಬರು ಎರಡು ದಿನ ಪ್ರಯತ್ನಿಸಿ, ‘ಇದು ಆಗೋ ಕೆಲ್ಸ ಅಲ್ಲ ಸಾರ್’ ಅಂದಿದ್ದರು. ಆಮೇಲೆ ರೈಲುಗಳು ಹೆಚ್ಚಾದವು, ಕಾಯುವ ಹೊತ್ತು ಇಳಿಯಿತು. ಈಗ ಅವರು ವಾರಕ್ಕೆ ಮೂರು ದಿನ ಆರ್.ವಿ. ರಸ್ತೆಯಲ್ಲಿ ರೈಲು ಬದಲಾಯಿಸಿ ನನ್ನ ಗಾಡಿಯಲ್ಲೇ ಬರುತ್ತಾರೆ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನಿಂತಲ್ಲೇ ಒಂದು ನಿದ್ದೆ ತೆಗೆಯುತ್ತಾರೆ. ಕಾರು ಮಾರಿಲ್ಲ. ಮಾರಿ ಅಂತ ನಾನೂ ಹೇಳಿಲ್ಲ.