ತಾಡಕಿಯ ಹಲ್ಲು, ಗೋಯಲ್ ಮನೆಯ ಹೊಸ್ತಿಲು

‘ಥಾಮಾ’ ನೋಡಿಕೊಂಡು ಬೀದರಿನಿಂದ ಬಗದಲ್‌ಗೆ ಬಸ್ಸಿನಲ್ಲಿ ಬರುವಾಗ ಗೆಳೆಯನೊಬ್ಬ ಕೇಳಿದ: "ಅಲ್ಲೋ, ರಗತ ಕುಡಿಯೋ ಹುಡುಗಿನ್ನ ಕರ್ಕೊಂಡು ಬಂದ್ರ ಆ ದಿಲ್ಲಿ ಮಂದಿ ಮನಿಯಾಗ ಇಟ್ಕೋತಾರ. ನನ್ನ ಜೋಡಿ ಓದಿದ ಹುಡುಗಿ ಮನಿಗಿ ನಾ ಹೋದ್ರ, ನೀರರೆ ಕೊಡ್ತಾರೇನು?" ಬಸ್ಸಿನಲ್ಲಿದ್ದ ನಾಲ್ಕು ಮಂದಿ ನಕ್ಕರು. ಅವನು ನಗಲಿಲ್ಲ. ಈ ಚಿತ್ರದ ಬಗ್ಗೆ ನಾನು ಬರೆಯಬೇಕು ಅನ್ನಿಸಿದ್ದು ಆಗ.

2025ರ ಅಕ್ಟೋಬರ್ 21ರಂದು, ದೀಪಾವಳಿಗೆ ಬಂದ ಹಿಂದಿ ಚಿತ್ರ ಇದು. ಪೋಸ್ಟರಿನ ಇಂಗ್ಲಿಷ್ ಅಕ್ಷರ ಓದಿದರೆ ನಮ್ಮ ಕಡೆಯವರಿಗೆ ‘ತಮ್ಮ’ ಅಂತಲೇ ಕಾಣುತ್ತದೆ. ನಿರ್ದೇಶಕ ಆದಿತ್ಯ ಸರ್ಪೋತ್ದಾರ್. ನಾಯಕಿ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ, 2016ರ ‘ಕಿರಿಕ್ ಪಾರ್ಟಿ’ಯಿಂದ ಹೋದಾಕೆ. ದಿಲ್ಲಿಯ ಪತ್ರಕರ್ತ ಆಲೋಕ್ ಗೋಯಲ್ (ಆಯುಷ್ಮಾನ್ ಖುರಾನಾ) ಕಾಡಿನಲ್ಲಿ ಕರಡಿಯ ಕೈಗೆ ಸಿಕ್ಕಾಗ ತಾಡಕಾ ಎಂಬ ಬೇತಾಳ ಕುಲದ ಹೆಣ್ಣು ಕಾಪಾಡುತ್ತಾಳೆ. ಪ್ರೀತಿ ಹುಟ್ಟುತ್ತದೆ. ಕುಲದ ಕಟ್ಟಳೆ ಅಡ್ಡ ಬರುತ್ತದೆ. ಆಕೆ ಅವನ ಹಿಂದೆ ದಿಲ್ಲಿಗೆ ಬರುತ್ತಾಳೆ. ಕಡೆಗೆ ಅವನ ಜೀವ ಉಳಿಸಲು ಆಕೆಯೇ ಕಚ್ಚಿ ಅವನನ್ನೂ ಬೇತಾಳ ಮಾಡುತ್ತಾಳೆ. ಕತೆ ಇಷ್ಟೇ; ಉಳಿದದ್ದು ಕುಣಿತ, ಹೊಡೆದಾಟ.

ಹೆಸರುಗಳನ್ನು ನೋಡಿರಿ. ಊರಿನ ಗಂಡಿಗೆ ಆಲೋಕ, ಅಂದರೆ ಬೆಳಕು. ಕಾಡಿನ ಹೆಣ್ಣಿಗೆ ತಾಡಕಾ. ವಿಶ್ವಾಮಿತ್ರ ಹೇಳಿದನೆಂದು ರಾಮ ಬಾಣ ಬಿಟ್ಟು ಕೊಂದನಲ್ಲ, ಆ ಕಾಡಿನ ಹೆಣ್ಣಿನ ಹೆಸರು. ಅಂಥವಳನ್ನು ನಾಯಕಿ ಮಾಡಿದರಲ್ಲಾ ಎಂದು ನನಗೆ ಮೊದಲು ಖುಷಿಯೇ ಆಯಿತು. ಆದರೆ ಕಾಡಿನ ಮಂದಿಯ ವೇಷ, ಕುಣಿತ, ಹಾರ ಎಲ್ಲವನ್ನೂ ಆದಿವಾಸಿಗಳಿಂದ ಎರವಲು ತಂದು, ಅವರ ಬಾಯಿಗೆ ಮಾತ್ರ ಕೋರೆಹಲ್ಲು ಇಟ್ಟಿದ್ದಾರೆ. ಕಾಡಿನವರು ಅಂದರೆ ಮನುಷ್ಯರಲ್ಲ ಅನ್ನುವುದು ಪುರಾಣದ ಹಳೆಯ ಸುಳ್ಳು. ಈಗ ಅದಕ್ಕೆ ಟಿಕೇಟು ಇಟ್ಟಿದ್ದಾರೆ, ಅಷ್ಟೇ.

ಅಮೆರಿಕದವರೂ ಇದನ್ನೇ ಮಾಡಿದರು. 2008ರ ‘ಟ್ವೈಲೈಟ್’ ಚಿತ್ರದಲ್ಲಿ ರಕ್ತ ಹೀರುವ ಬಿಳಿಯ ಶ್ರೀಮಂತರ ಮೈ ಬಿಸಿಲಿಗೆ ವಜ್ರದ ಹಾಗೆ ಹೊಳೆಯುತ್ತದೆ. ಅದೇ ಕತೆಯೊಳಗೆ, ನಿಜವಾಗಿಯೂ ಆ ನೆಲದಲ್ಲಿ ಬದುಕಿರುವ ಕ್ವಿಲ್ಯೂಟ್ ಎಂಬ ಮೂಲನಿವಾಸಿ ಜನ ತೋಳಗಳಾಗುತ್ತಾರೆ. ಇಲ್ಲದವರಿಗೆ ಹೊಳಪು, ಇರುವವರಿಗೆ ಬಾಲ! ಇನ್ನೊಂದು ಮಾತು ಕೇಳಿರಿ. ಆ ಬಿಳಿಯ ಮನೆತನದವರು ಮನುಷ್ಯರ ರಕ್ತ ಬಿಟ್ಟು ಪ್ರಾಣಿಗಳ ರಕ್ತ ಕುಡಿಯುತ್ತಾರೆ. ಅದಕ್ಕೇ ತಮ್ಮನ್ನು ‘ಸಸ್ಯಾಹಾರಿಗಳು’ ಎಂದು ಕರೆದುಕೊಳ್ಳುತ್ತಾರೆ. ಅಲ್ಲಿ ಅದು ನಗೆಮಾತು. ನಮ್ಮಲ್ಲಿ? ನಮ್ಮ ಕೇರಿಯಲ್ಲಿ ಕುರಿ ಕೊಯ್ದ ದಿನ ಬೋಗುಣಿಯಲ್ಲಿ ರಕ್ತ ಹಿಡಿದು, ಹೆಪ್ಪುಗಟ್ಟಿದ ಮೇಲೆ ಕುದಿಸಿ, ಉಳ್ಳಾಗಡ್ಡಿ ಖಾರ ಹಾಕಿ ಒಗ್ಗರಣೆ ಕೊಡುತ್ತಾರೆ. ಮಾಂಸ ದೊಡ್ಡವರ ಮನೆಗೆ ಹೋಗಿ ಉಳಿದದ್ದು ನಮ್ಮ ಪಾಲಿಗೆ ಬಂದ ಕಾಲದ ರುಚಿ ಅದು. ಅದನ್ನು ತಿಂದದ್ದಕ್ಕೆ ನಾವು ಹೊಲಸು ಆದೆವು. ತೆರೆಯ ಮೇಲೆ ಚೆಲುವ ಚೆಲುವೆಯರು ಹಸಿ ರಕ್ತ ಕುಡಿದರೆ ಪ್ರೇಮ ಅನ್ನುತ್ತಾರೆ. ಯಾರ ಬಾಯಿಯ ರಕ್ತ ಎನ್ನುವುದರ ಮೇಲೆ ನಿಂತಿದೆ ನೋಡಿ ಈ ಮಡಿ.

ಕುಲ ಮೀರಿದ ಪ್ರೀತಿಯ ಕತೆ ಬೇಕಿದ್ದರೆ ಬೇತಾಳನ ಹಂಗು ಬೇಕಾಗಿರಲಿಲ್ಲ. ಬಸವಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಅದ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟು ಲಗ್ನ ಆಯಿತು. ಬಿಜ್ಜಳನ ಆಳ್ವಿಕೆ ಇಬ್ಬರೂ ತಂದೆಯರನ್ನು ಎಳೆಹೂಟೆಗೆ ಕಟ್ಟಿತು ಎಂದು ಶರಣರ ಪರಂಪರೆ ಹೇಳುತ್ತ ಬಂದಿದೆ. ಅಲ್ಲಿ ಹರಿದದ್ದು ಬಣ್ಣದ ನೀರಲ್ಲ. ‘ಥಾಮಾ’ದವರಿಗೆ ಈ ಧೈರ್ಯ ಇಲ್ಲ. ಕುಲದ ಕಟ್ಟಳೆ, ಶಿಕ್ಷೆ, ಓಡಿ ಹೋಗುವುದು — ಜಾತಿಯ ಸಕಲ ಸರಂಜಾಮು ಚಿತ್ರದಲ್ಲಿದೆ, ಜಾತಿ ಎಂಬ ಪದ ಒಂದು ಬಿಟ್ಟು. ಗೋಯಲ್ ಎಂಬ ಅಡ್ಡಹೆಸರು ಅದನ್ನು ಹೇಳದೆಯೇ ಹೇಳುತ್ತದೆ. ಆಕೆಯ ಕುಲ ಕ್ರೂರ, ಇವನ ಮನೆ ತಮಾಷೆಯ ಮನೆ. ಪರೇಶ್ ರಾವಲ್ ಅಪ್ಪನಾಗಿ ಗುಮಾನಿಪಟ್ಟರೆ ನಾವು ನಗಬೇಕು. ಅಂಥ ಅಪ್ಪಂದಿರ ಗುಮಾನಿ ನಮ್ಮ ಹಳ್ಳಿಗಳಲ್ಲಿ ಎಲ್ಲಿಗೆ ಮುಟ್ಟುತ್ತದೆ ಎಂದು ಕೇರಿಯವರಿಗೆ ಗೊತ್ತು.

ಹೀಗಿದ್ದೂ ಚಿತ್ರದಲ್ಲಿ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಬೇತಾಳರು ಮನುಷ್ಯರ ರಕ್ತ ಬಿಟ್ಟದ್ದು ಯಾವಾಗ? ದೇಶ ವಿಭಜನೆಯಾದಾಗ. ಮನುಷ್ಯ ಮನುಷ್ಯನನ್ನು ಕಡಿಯುವುದು ನೋಡಿ, ಈ ರಕ್ತ ವಿಷವಾಗಿದೆ ಎಂದು ಬಿಟ್ಟರಂತೆ. ಬರೆದವರು ಇಲ್ಲಿ ನಿಜಕ್ಕೆ ಕೈ ಹಾಕಿದ್ದರು. ಹಾಕಿ, ಸುಟ್ಟುಕೊಂಡವರಂತೆ ತೆಗೆದುಬಿಟ್ಟರು. ಆಮೇಲೆ ಕೆಡುಕೆಲ್ಲ ನವಾಜುದ್ದೀನ್ ಸಿದ್ದಿಕಿಯ ಯಕ್ಷಾಸನ ಒಬ್ಬನ ತಲೆಗೆ. ಅವನ ನಗು ಚೆಂದ ಇದೆ, ಒಪ್ಪುತ್ತೇನೆ. ಆದರೆ 1867ರಲ್ಲೇ ಮಾರ್ಕ್ಸ್ ಬಂಡವಾಳವನ್ನು ರಕ್ತ ಹೀರುವ ಪಿಶಾಚಿಗೆ ಹೋಲಿಸಿದ್ದ; ಅವನಿಗೆ ಗೊತ್ತಿತ್ತು, ಹೀರುವುದು ಒಬ್ಬ ಖಳನಲ್ಲ, ಒಂದು ವ್ಯವಸ್ಥೆ ಎಂದು.

1947 ದಾಟಿ ಒಂದು ವರ್ಷ ಮುಂದೆ ಬಂದಿದ್ದರೆ ಬೇತಾಳರು ನಮ್ಮ ಜಿಲ್ಲೆಗೇ ಬರುತ್ತಿದ್ದರು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಗೆ ಮೊದಲು ರಜಾಕಾರರ ಹಾವಳಿ. ಅದಾದ ಮೇಲೆ ಮುಸಲ್ಮಾನರ ಕೊಲೆ. ಸರಕಾರವೇ ಕಳಿಸಿದ ಸುಂದರಲಾಲ್ ಸಮಿತಿ ಸತ್ತವರು ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ ಎಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದವು ಎಂದು ಅದು ಹೆಸರಿಸಿದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲಬರ್ಗಾ, ನಾಂದೇಡ್, ಬೀದರ್. ಹೆಣ ತುಂಬಿದ ಬಾವಿಗಳ ಮಾತೂ ಅದರಲ್ಲಿದೆ. ಆ ವರದಿಯನ್ನು ದಶಕಗಳ ಕಾಲ ಜನರಿಗೆ ತೋರಿಸಲಿಲ್ಲ.

ಬಸ್ಸು ಬಗದಲ್ ಮುಟ್ಟುವವರೆಗೆ ನಾನು ಗೆಳೆಯನಿಗೆ ಇದನ್ನೇ ಹೇಳುತ್ತ ಬಂದೆ. ಇಳಿಯುವಾಗ ಅವನು, "ಇದರದೊಂದು ಸಿನಿಮಾ ಮಾಡ್ರಿ ಅನ್ನು ಅವರಿಗೆ, ನಾ ರೊಕ್ಕ ಕೊಟ್ಟು ನೋಡ್ತೀನಿ" ಅಂದ.